ಅಕ್ಕಿ ಡಬ್ಬಿಯಂಥ ಕ್ಯಾಬಿನೆಟ್

ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಬೆಳಕು ಮೂಡುತ್ತದೆ, ನಾಲ್ಕೈದು ಸೆಕೆಂಡಿಗೆ ಟಪ್ ಎಂದು ಆರುತ್ತದೆ. 2024ರ ಜುಲೈ ಮೊದಲ ವಾರ ನನ್ನ ಕಂಪ್ಯೂಟರಿಗೆ ಹಿಡಿದ ರೋಗ ಇದು. ಹೊರಗೆ ನಾಲ್ಕು ದಿನದಿಂದ ಬಿಡದೆ ಹೊಯ್ಯುವ ಮಳೆ. ಒಳಗೆ ಒಂದು ಸಹಕಾರಿ ಸಂಘದ ವಾರ್ಷಿಕ ವರದಿ, ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು, ಇನ್ನೂ ಹನ್ನೆರಡು ಪುಟ ಬಾಕಿ.

ನಾನು ಮನೆಯಲ್ಲೇ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಕೆಲಸ ಮಾಡುವವಳು. ಹುಟ್ಟಿದ್ದು ಶಿರಸಿ ಕಡೆಯ ಹಳ್ಳಿ, ಈಗಿರುವುದು ಕಾರವಾರದ ಕೋಡಿಬಾಗ. ಕಾಳಿ ನದಿ ಸಮುದ್ರ ಸೇರುವ ಅಳಿವೆ ನಮ್ಮ ಹಂಚಿನ ಮನೆಯಿಂದ ದೂರವೇನಲ್ಲ. ಮಧ್ಯಾಹ್ನವಾದರೆ ಸಾಕು, ಕಡಲ ಕಡೆಯಿಂದ ಗಾಳಿ ನೇರ ಕಿಟಕಿಗೇ ಬರುತ್ತದೆ. ಮನೆ ನೋಡಲು ಬಂದವರೆಲ್ಲ ಆ ಕಿಟಕಿಯನ್ನು ಹೊಗಳುತ್ತಾರೆ. ಕಂಪ್ಯೂಟರ್ ಇಟ್ಟದ್ದೂ ಅದರ ಪಕ್ಕದಲ್ಲೇ.

ಇವರು ಸ್ಕೂಟರಿನಲ್ಲಿ ಸಿಪಿಯು ಇಟ್ಟುಕೊಂಡು ಪೇಟೆಯ ರಿಪೇರಿ ಅಂಗಡಿಗೆ ಒಯ್ದರು. ಕ್ಯಾಬಿನೆಟ್ ಎಂಬ ಇಡೀ ಡಬ್ಬಿಗೇ ನಮ್ಮಲ್ಲಿ ಸಿಪಿಯು ಅನ್ನುವುದು ರೂಢಿ. ನಿಜವಾದ ಸಿಪಿಯು, ಅಂದರೆ ಲೆಕ್ಕ ಮಾಡುವ ಪ್ರೊಸೆಸರ್, ಒಳಗೆಲ್ಲೋ ಬಿಸ್ಕತ್ತಿನಷ್ಟು ದೊಡ್ಡದಿರುತ್ತದೆ, ಪಾಪ. ಅಂಗಡಿಯವನು ಎರಡು ಸಲ ಬಟನ್ ಒತ್ತಿ ನೋಡಿ, "ಮದರ್‌ಬೋರ್ಡ್ ಹೋಗಿದೆ ಸರ್, ಒಂಬತ್ತು ಸಾವಿರ ಇಟ್ಕೊಳ್ಳಿ" ಅಂದನಂತೆ. ಮದರ್‌ಬೋರ್ಡ್ ಎಂದರೆ ಒಳಗಿನ ಸಾಮಾನೆಲ್ಲ ಕೂಡುವ ದೊಡ್ಡ ಹಲಗೆ. ಅದನ್ನು ನೋಡಲು ಡಬ್ಬಿಯ ಬಾಗಿಲೂ ತೆಗೆದಿರಲಿಲ್ಲ. ಇವರು ಹಾಗೇ ವಾಪಸು ತಂದರು.

ಶಿರಸಿಯಲ್ಲಿರುವ ತಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಡಿಕೆ ತೋಟ ನೋಡಿಕೊಂಡಿರುವವನು. ಊರಿನ ಇನ್ವರ್ಟರ್, ಪಂಪ್‌ಸೆಟ್, ಮಿಕ್ಸಿ ಎಲ್ಲ ಅವನ ಕೈಗೇ ಹೋಗುತ್ತವೆ. ಎರಡು ಸಲ ಆನ್ ಮಾಡಿ ತೋರಿಸಿದೆ. "ಅಕ್ಕಾ, ಬೋರ್ಡಿಗೆ ಎಂತೂ ಆಜಿಲ್ಲೆ. ಬಟನ್ ವಯರ್ ಕಿತ್ತು ನೋಡು" ಅಂದ.

ಬಾಗಿಲು ತೆಗೆದೆ. ಮದರ್‌ಬೋರ್ಡಿನ ಕೆಳಗಿನ ಮೂಲೆಯಲ್ಲಿ ಸಣ್ಣ ಪಿನ್ನುಗಳ ಎರಡು ಸಾಲು. ಅಲ್ಲಿಂದ ಪವರ್ ಬಟನ್ನಿನ ವಯರ್ ಕಿತ್ತು, ಆ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿ ತೆಗೆದೆ. ಕಂಪ್ಯೂಟರ್ ಎದ್ದು ಕೂತಿತು. ಆರಲೇ ಇಲ್ಲ. ಸಂಗತಿ ಇಷ್ಟೇ: ಮುಂದಿನ ಬಟನ್ ನಮ್ಮ ಗೋಡೆಯ ಸ್ವಿಚ್ಚಿನಂತೆ ಕರೆಂಟ್ ಹಾಯಿಸುವುದಿಲ್ಲ. ಆ ಎರಡು ಪಿನ್ನನ್ನು ಒಂದು ಗಳಿಗೆ ಕೂಡಿಸಿ ಬಿಡುತ್ತದೆ, ಬೋರ್ಡು ಅದನ್ನೇ ಅಪ್ಪಣೆ ಎಂದು ತಿಳಿದು ಏಳುತ್ತದೆ. ಬಿಡದೆ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಅದು ಬಲವಂತವಾಗಿ ಆರಿಸುವ ಅಪ್ಪಣೆ. ನನ್ನ ಬಟನ್ನಿನ ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು, ಒಳಗೆ ಹೋದದ್ದು ಹೊರಗೆ ಬರಲು ತಡ ಮಾಡುತ್ತಿತ್ತು. ನಾನು ಬೆರಳು ತೆಗೆದರೂ ಬಟನ್ ಒತ್ತಿಕೊಂಡೇ ಇರುತ್ತಿತ್ತು.

ವರದಿ ಸಂಜೆಗೆ ಹೋಯಿತು. ಆಮೇಲೆ ವಾರವಿಡೀ ದಿನಾ ಬೆಳಿಗ್ಗೆ ಸ್ಕ್ರೂಡ್ರೈವರಿನಲ್ಲೇ ಶುರು ಮಾಡಿದೆ. ಮಗಳು, "ಅಮ್ಮ ಕಾರು ಕದಿಯುವವರ ಹಾಗೆ ಕಾಣ್ತೀಯ" ಅಂತ ನಗಾಡಿದಳು. ಕೊನೆಗೆ ತಮ್ಮನೇ ಇನ್ನೊಂದು ಉಪಾಯ ಹೇಳಿದ: ರೀಸೆಟ್ ಬಟನ್ನಿನ ವಯರನ್ನು ಪವರ್ ಪಿನ್ನಿಗೆ ಚುಚ್ಚುವುದು. ಎರಡೂ ಒಂದೇ ಬಗೆಯ ಬಟನ್, ಒಂದರ ಕೆಲಸ ಇನ್ನೊಂದು ಮಾಡುತ್ತದೆ. ಆಯಿತು.

ಆದರೆ ಬಾಗಿಲು ತೆಗೆದಾಗ ಕಂಡದ್ದು ಮನಸ್ಸಿನಿಂದ ಹೋಗಲಿಲ್ಲ. 2017ರಲ್ಲಿ ಎಸ್‌ಎಂಪಿಎಸ್ (ಒಳಗಿನ ಸಾಮಾನಿಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ) ಸಮೇತ ಸಾವಿರದ ನಾನೂರು ರೂಪಾಯಿಗೆ ತಂದ ಕ್ಯಾಬಿನೆಟ್ ಅದು. ನಡುವೆ ಒಳಗಿನ ಸಾಮಾನೆಲ್ಲ ಬದಲಾಯಿತು. ಆ ಎಸ್‌ಎಂಪಿಎಸ್ ಎರಡು ವರ್ಷಕ್ಕೇ ಸತ್ತಿತು, ಒಳ್ಳೆಯದು ಹಾಕಿದೆ. 2022ರಲ್ಲಿ ಬೋರ್ಡು, ಪ್ರೊಸೆಸರ್, ರ್‍ಯಾಮ್ ಹೊಸದು ತಂದೆ. ಪ್ರತಿ ಸಲವೂ ದುಡ್ಡು ಎಣಿಸುವಾಗ, "ಡಬ್ಬಿ ಇದ್ದೇ ಇದೆಯಲ್ಲ" ಅನ್ನುವುದು. ಆ ಡಬ್ಬಿಯ ತಳದ ಮೂಲೆ ಈಗ ಹಪ್ಪಳದ ಹಾಗೆ ಎದ್ದಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಹಿಂಬದಿಯ ಒಂದು ಸ್ಕ್ರೂ ತಿರುಗಿಸಲು ಹೋದೆ, ತಲೆ ಮಾತ್ರ ಕೈಗೆ ಬಂತು, ಮೈ ಅಲ್ಲೇ ಉಳಿಯಿತು. ಮುಂದಿನ ಯುಎಸ್‌ಬಿ ತೂತುಗಳಲ್ಲಿ ಹಿತ್ತಾಳೆ ಪಾತ್ರೆಗೆ ಬರುವಂಥ ಹಸಿರು ಕಿಲುಬು. ಹಿಂದೆ ಕಾರ್ಡ್ ಹಾಕುವ ಜಾಗದ ಪಟ್ಟಿಯೊಂದನ್ನು ಯಾವಾಗಲೋ ಮುರಿದು ತೆಗೆದಿದ್ದೆವು. ಆ ಕಿಂಡಿಯಿಂದ ಒಳಹೊಕ್ಕ ಹಲ್ಲಿಯೊಂದು ಎಸ್‌ಎಂಪಿಎಸ್ ಪಕ್ಕದಲ್ಲಿ ಒಣಗಿ ಕಾಗದವಾಗಿತ್ತು.

ಉಪ್ಪು ಗಾಳಿಯ ಕೆಲಸ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಗುತ್ತದಲ್ಲ, ಡಬ್ಬಿಯೊಳಗೂ ಅದೇ ಆಗುವುದು. ಗಾಳಿಯ ತೇವ ಸುಮಾರು ಶೇಕಡ 75 ದಾಟಿತೆಂದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗಲು ತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿ ಅದಕ್ಕಿಂತ ಒಣಗಿರುವ ದಿನ ಕಡಿಮೆ. ಬೋರ್ಡಿನ ಮೇಲೆ ಕೂತ ಧೂಳಿನಲ್ಲಿ ಉಪ್ಪಿದ್ದರೆ ಆ ಧೂಳು ಒದ್ದೆ ಬಟ್ಟೆಯಾಗುತ್ತದೆ, ಕರೆಂಟನ್ನೂ ಹಾಯಿಸುತ್ತದೆ. ದಿನಾ ಓಡುವ ಕಂಪ್ಯೂಟರ್ ತನ್ನ ಬಿಸಿಗೇ ಒಣಗಿಕೊಂಡಿರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟದ್ದೇ ಬೇಗ ಹಾಳಾಗುವುದು.

ಹೊಸ ಕ್ಯಾಬಿನೆಟ್ ತರಬೇಕು ಎಂದು ನಿಶ್ಚಯವಾಯಿತು. ತಮ್ಮ ತಾನೇ ಬಂದು ಜೋಡಿಸಿಕೊಡುತ್ತೇನೆ ಅಂದಿದ್ದ. ಅಷ್ಟರಲ್ಲಿ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಷ್ಟು ಜನರ ಜೀವ ಹೋದಾಗ ಕ್ಯಾಬಿನೆಟ್ಟಿನ ಮಾತು ಯಾರ ಬಾಯಿಗೂ ಬರಲಿಲ್ಲ. ಆಗಸ್ಟಿನಲ್ಲಿ ಗೋವಾದ ಮಡಗಾಂವಿಗೆ ಹೋಗಿ ನೋಡಿ ಬರೋಣ ಎಂದುಕೊಂಡೆವು. 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ನದಿಗೆ ಬಿತ್ತು. ಬೆಳಗಾದ ಮೇಲೆ ಇಡೀ ಕೋಡಿಬಾಗ ಅದನ್ನೇ ನೋಡುತ್ತ ನಿಂತಿತ್ತು. ಗೋವಾ ಕಡೆ ಹೋಗುವ ಮಾತೂ ಅಲ್ಲಿಗೆ ನಿಂತಿತು.

ಸರಿ, ಕಾರವಾರದಲ್ಲೇ ನೋಡಿದೆ. ಮೂರು ಅಂಗಡಿ ತಿರುಗಿದರೂ ಒಂದೇ ನಮೂನೆ: ಪಕ್ಕಕ್ಕೆ ಗಾಜು, ಮುಂದೆ ಬಣ್ಣಬಣ್ಣದ ದೀಪದ ಮೂರು ಫ್ಯಾನ್. ಒಬ್ಬ ಹುಡುಗ ಪ್ಲಗ್ ಚುಚ್ಚಿ ತೋರಿಸಿದ. ಮಗಳ ಕಣ್ಣು ಅಲ್ಲೇ ನೆಟ್ಟಿತು. ನಾನು ಬಾಗಿಲ ತಗಡನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಸಂತೆಯಲ್ಲಿ ಮಡಕೆ ಬಡಿದು ನೋಡುತ್ತೇವಲ್ಲ, ಹಾಗೆ. ಡಬಡಬ ಅಂದಿತು. ನಡುವೆ ಹೆಬ್ಬೆರಳು ಒತ್ತಿದರೆ ಒಳಕ್ಕೆ ಹೋಗಿ ಟೊಕ್ ಎಂದು ಹೊರಗೆ ಬಂತು. "ಡಿವಿಡಿ ಡ್ರೈವ್ ಹಾಕಲು ಜಾಗ ಎಲ್ಲಿ?" ಎಂದು ಕೇಳಿದೆ. ಹುಡುಗ ನನ್ನನ್ನು ಟೈಪ್‌ರೈಟರ್ ರಿಬ್ಬನ್ ಕೇಳಿದವಳ ಹಾಗೆ ನೋಡಿದ.

ಡಿವಿಡಿ ಡ್ರೈವ್ ನನಗೆ ಬೇಕೇ ಬೇಕು. ಅಪ್ಪಯ್ಯ ಕೂಡಿಟ್ಟ ತಾಳಮದ್ದಳೆಯ ಸಿಡಿಗಳು ಎರಡು ಪೆಟ್ಟಿಗೆ ಇವೆ, ಬಿಡುವಾದಾಗ ಒಂದೊಂದೇ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಅದಲ್ಲದೆ ದೊಡ್ಡ ಹಾರ್ಡ್ ಡಿಸ್ಕ್ ಎರಡು, ಹದಿನೈದು ವರ್ಷದ ಲಗ್ನಪತ್ರಿಕೆ, ಸ್ಮರಣ ಸಂಚಿಕೆ ಎಲ್ಲ ಅದರಲ್ಲೇ. ಈಗಿನ ಹೆಚ್ಚಿನ ಕ್ಯಾಬಿನೆಟ್ಟುಗಳಲ್ಲಿ ಡಿವಿಡಿಗೆ ಬೇಕಾದ ಐದೂಕಾಲು ಇಂಚಿನ ಖಾನೆಯೇ ಇಲ್ಲ, ದೊಡ್ಡ ಹಾರ್ಡ್ ಡಿಸ್ಕಿಗೆ ಹೆಚ್ಚೆಂದರೆ ಎರಡು ಜಾಗ, ಅದೂ ಎಸ್‌ಎಂಪಿಎಸ್ ವಯರುಗಳ ನಡುವೆ ತುರುಕಬೇಕು. ಬೋರ್ಡು ಮಾತ್ರ ಎಲ್ಲಿ ಬೇಕಾದರೂ ಕೂರುತ್ತದೆ: ನನ್ನದು ಮೈಕ್ರೊ ಎಟಿಎಕ್ಸ್ ಎಂಬ ಅಳತೆಯದು, 244 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ದೊಡ್ಡ ಎಟಿಎಕ್ಸ್ ಬೋರ್ಡಿನ 305 ಮಿಲಿಮೀಟರ್ ಜಾಗದಲ್ಲಿ ಇದು ಸಲೀಸಾಗಿ ಹಿಡಿಯುತ್ತದೆ. ಸ್ಕ್ರೂ ಹಾಕುವ ತೂತುಗಳೂ ಹೊಂದುತ್ತವೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆ ಗೊತ್ತುಮಾಡಿದ್ದರಿಂದ ಇಷ್ಟೊಂದು ಕಂಪನಿಗಳ ಸಾಮಾನು ಇಂದಿಗೂ ಒಂದಕ್ಕೊಂದು ಕೂರುತ್ತದೆ. ಅದಿಲ್ಲದಿದ್ದರೆ ಬೋರ್ಡು ಬದಲಿಸಿದಾಗಲೆಲ್ಲ ಡಬ್ಬಿಯೂ ಬದಲು.

ಮಗಳ ಹಟಕ್ಕೆ ಒಂದು ಸಲ ಸೋತೆ. ಗಾಜಿನದ್ದೇ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆವು. ಒಂಬತ್ತು ದಿನ ಕಾದ ಮೇಲೆ ಬಂತು. ಪೆಟ್ಟಿಗೆ ಎತ್ತಿದರೆ ಒಳಗೆ ಸರಸರ ಸದ್ದು. ಬಿಚ್ಚಿದರೆ ಗಾಜಿನ ಬಾಗಿಲು ಪೂರ್ತಿ ಕಲ್ಲುಸಕ್ಕರೆ. ಹದ ಮಾಡಿದ ಗಾಜಿನ ಸ್ವಭಾವವೇ ಹಾಗೆ. ನಡುವೆ ಗುದ್ದಿದರೂ ತಡೆದೀತು, ಅಂಚಿಗೆ ಒಂದು ಸಣ್ಣ ಪೆಟ್ಟು ಬಿದ್ದರೆ ಇಡೀ ಹಲಗೆ ಒಮ್ಮೆಗೇ ಹರಳಾಗುತ್ತದೆ. ಟೈಲ್ಸ್ ನೆಲಕ್ಕೆ ಒರಗಿಸಿಟ್ಟರೂ ಒಡೆಯುವುದುಂಟು. ದುಡ್ಡು ವಾಪಸು ಬಂತು, ಅದು ಬೇರೆ ಮಾತು. ಹರಳು ಮಾತ್ರ ನವರಾತ್ರಿಯವರೆಗೂ ಕೋಣೆಯ ಮೂಲೆಯಲ್ಲಿ ಸಿಗುತ್ತಿತ್ತು.

ಸೆಪ್ಟೆಂಬರ್ 7ಕ್ಕೆ ಚೌತಿ. ತವರಿಗೆ ಹೋಗಿದ್ದೆ. ಹಬ್ಬ ಮುಗಿದ ಮೂರನೇ ದಿನ ತಮ್ಮ ಜೀಪಿನಲ್ಲಿ ಶಿರಸಿ ಪೇಟೆಗೆ ಕರೆದುಕೊಂಡು ಹೋದ. ಅಂಗಡಿ ಅವನ ಜೊತೆ ಓದಿದವನದು, ಹಾಗಾಗಿ ಪೆಟ್ಟಿಗೆ ಬಿಚ್ಚಿಸಿ ನೋಡುವ ಸಲಿಗೆ ಇತ್ತು. ಕ್ಯಾಬಿನೆಟ್ ಕೊಳ್ಳುವವರು ಈ ಸಲಿಗೆಯನ್ನು ಹೇಗಾದರೂ ಸಂಪಾದಿಸಿಕೊಳ್ಳಬೇಕು. ಚಿತ್ರದಲ್ಲಿ ಎಲ್ಲ ಕ್ಯಾಬಿನೆಟ್ಟೂ ಗಟ್ಟಿಯಾಗಿಯೇ ಕಾಣುತ್ತದೆ.

ಮೊದಲು ತೋರಿಸಿದ್ದು ಮತ್ತೆ ಗಾಜಿನದ್ದೇ. ಎತ್ತಿದೆ, ಭಾರ ಅನ್ನಿಸಿತು, ಅಡ್ಡಿಯಿಲ್ಲವಲ್ಲ ಅಂದೆ. ತಮ್ಮ, "ಗಾಜು ತೆಗೆದು ತೂಗು, ಗೊತ್ತಾಗ್ತು" ಅಂದವನೇ ಜೀಪಿನಿಂದ ಅಡಿಕೆ ಚೀಲ ತೂಗುವ ಕೊಕ್ಕೆ ತಕ್ಕಡಿ ತಂದ. ಗಾಜಿನ ಸಮೇತ ಐದು ಕೇಜಿ ನೂರು ಗ್ರಾಂ. ಗಾಜು ಬಿಚ್ಚಿದ ಮೇಲೆ ಮೂರು ಕೇಜಿ ಮುನ್ನೂರು. ನಾಲ್ಕು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಹತ್ತು ಕೇಜಿ ತೂಗುತ್ತದೆ. ನಲವತ್ತು ಸೆಂಟಿಮೀಟರಿಗೆ ನಲವತ್ತೈದರ ಒಂದು ಬಾಗಿಲೆಂದರೆ ಒಂದು ಕೇಜಿ ಎಂಟುನೂರು ಗ್ರಾಂ ಗಾಜೇ ಆಯಿತು. ಉಳಿದ ತಗಡು ನನ್ನ ಹಳೇ ಡಬ್ಬಿಗಿಂತ ಉತ್ತಮವೇನಲ್ಲ.

ಆಗ ಮೇಲಿನ ಕಪಾಟಿನಲ್ಲಿ ಧೂಳು ಹೊದ್ದುಕೊಂಡಿದ್ದ ಒಂದು ಪೆಟ್ಟಿಗೆ ಕಂಡಿತು. ಅಂಗಡಿಯವನು, "ಅದು ಬೇಡ ಅಕ್ಕಾ, ಹಳೇ ಮಾಡೆಲ್ಲು, ಗಾಜಿಲ್ಲ, ಲೈಟಿಲ್ಲ" ಅಂದ. ಅಷ್ಟು ಹೇಳಿದ್ದೇ ಸಾಕಾಯಿತು, ಇಳಿಸಲು ಹೇಳಿದೆ. ಎರಡೂ ಪಕ್ಕ ಕಬ್ಬಿಣದ ಬಾಗಿಲು, ಮೈಯೆಲ್ಲ ಕಪ್ಪು, ಮುಂದೆ ಡಿವಿಡಿಗೆ ಒಂದು ಖಾನೆ, ಒಳಗೆ ಹಾರ್ಡ್ ಡಿಸ್ಕಿಗೆ ನಾಲ್ಕು ಎಳೆಯುವ ತಟ್ಟೆ. ಕೊಕ್ಕೆಗೆ ಹಾಕಿದರೆ ಆರು ಕೇಜಿ ನಾನೂರು.

ದಪ್ಪ ಅಳೆಯಲು ವರ್ನಿಯರ್ ಇರಲಿಲ್ಲ. ನನ್ನ ಕಸುಬು ಅಲ್ಲಿ ಕೆಲಸಕ್ಕೆ ಬಂತು. ಪ್ರಿಂಟರಿಗೆ ಹಾಕುವ ಎಂಬತ್ತು ಜಿಎಸ್‌ಎಂ (ಚದರ ಮೀಟರಿಗೆ ಎಂಬತ್ತು ಗ್ರಾಂ) ಹಾಳೆ ಒಂದು ಸುಮಾರು 0.1 ಮಿಲಿಮೀಟರ್ ದಪ್ಪ. ಹಾಳೆಗಳನ್ನು ಒತ್ತಾಗಿ ಜೋಡಿಸಿ ತಗಡಿನ ಅಂಚಿಗೆ ಹಿಡಿದು ಉಗುರಾಡಿಸಿ ನೋಡಿದೆ. ಗಾಜಿನದರ ತಗಡು ಐದು ಹಾಳೆಗೆ ಸಮ, ಅಂದರೆ ಅರ್ಧ ಮಿಲಿಮೀಟರ್. ಕಪ್ಪು ಡಬ್ಬಿಯದು ಎಂಟು ಹಾಳೆಗೂ ಉಗುರಿಗೆ ತಡೆಯಿತು. ಕೂದಲೆಳೆ ವ್ಯತ್ಯಾಸ ಅನ್ನಿಸಬಹುದು. ತಗಡು ಬಾಗುವುದು ದಪ್ಪದ ಘನಕ್ಕೆ ಸೇರಿದ ಲೆಕ್ಕ, ಐದರ ಜಾಗದಲ್ಲಿ ಎಂಟಾದರೆ ಬಿಗಿ ನಾಲ್ಕು ಪಟ್ಟು. ನಡುವೆ ಹೆಬ್ಬೆರಳು ಒತ್ತಿದೆ. ಟೊಕ್ ಅನ್ನಲಿಲ್ಲ. ಅಂಚನ್ನು ಮಡಚಿ ಉರುಟು ಮಾಡಿದ್ದರು, ಕೈ ಹಾಕಿದರೆ ಕೊಯ್ಯುವುದಿಲ್ಲ. ಹಳೇ ಡಬ್ಬಿಯೊಳಗೆ ಕೈ ಹಾಕಿ ತೆಗೆದಾಗಲೆಲ್ಲ ನನಗೊಂದು ಬ್ಯಾಂಡೇಜ್ ಬೇಕಾಗುತ್ತಿತ್ತು.

ಪೆಟ್ಟಿಗೆಯ ಮೇಲೆ ಎಸ್‌ಇಸಿಸಿ ಎಂದು ಅಚ್ಚಾಗಿತ್ತು. ಜಪಾನಿನ ಉಕ್ಕಿನ ಲೆಕ್ಕದಲ್ಲಿ ಅದು ಸತುವಿನ ಲೇಪ ಕೊಟ್ಟ ತಗಡಿನ ಹೆಸರು. ಎಸ್‌ಪಿಸಿಸಿ ಅಂತಿದ್ದರೆ ಬರೀ ತಗಡು, ಬಣ್ಣವೊಂದೇ ಕಾಪು. ಬಣ್ಣ ಗೀರಿದರೂ ಸತು ಇರುವಷ್ಟು ದಿನ ಕಬ್ಬಿಣಕ್ಕೆ ಜಂಗು ಬೇಗ ಹತ್ತುವುದಿಲ್ಲ. ಗೋವೆ ಗಡಿಯಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿ ಇರುವವರು ಬೇರೆ ಏನನ್ನೂ ಓದದಿದ್ದರೂ ಈ ನಾಲ್ಕು ಅಕ್ಷರ ಹುಡುಕುವುದು ಒಳ್ಳೆಯದು. ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟ ಇಲ್ಲ, ಬೂಸ್ಟು ಮಾತ್ರ.

ಹಿಂಬದಿ ತಿರುಗಿಸಿ ನೋಡಿದೆವು. ಅಂಗಡಿಗೆ ಬಂದವರು ಯಾರೂ ಹಿಂಬದಿ ನೋಡುವುದಿಲ್ಲವಂತೆ, ಅವನೇ ಹೇಳಿದ. ಕಾರ್ಡ್ ಜಾಗದ ಪಟ್ಟಿಗಳು ಸ್ಕ್ರೂ ಹಾಕಿ ಕೂರಿಸಿದ್ದವು. ಬೇಕಾದಾಗ ತೆಗೆದು ಮತ್ತೆ ಹಾಕಬಹುದು. ಅಗ್ಗದವುಗಳಲ್ಲಿ ಅದು ತಗಡಿಗೇ ಅಂಟಿಕೊಂಡಿರುತ್ತದೆ, ಒಮ್ಮೆ ಮುರಿದರೆ ಮುಗಿಯಿತು, ಹಲ್ಲಿಗೆ ಹೆಬ್ಬಾಗಿಲು. ಬಟನ್, ಯುಎಸ್‌ಬಿ ಎಲ್ಲ ಮುಂದಿನ ಮುಖಕ್ಕೇ ಇದ್ದವು. ಈಗಿನವರು ಅದನ್ನೆಲ್ಲ ತಲೆಯ ಮೇಲೆ ಇಡುತ್ತಾರೆ, ಜೊತೆಗೆ ಮೇಲ್ಗಡೆ ಉದ್ದಕ್ಕೂ ಜಾಲರಿ. ಹಂಚಿನ ಮನೆಯಲ್ಲಿ ಯಾವ ಹಂಚು ಯಾವ ದಿನ ಸರಿಯುತ್ತದೆಂದು ಯಾರು ಕಂಡವರು? ಒಂದು ಹನಿ ಸಾಕು.

ಇನ್ನುಳಿದ ಅಳತೆ ಬೇಗ ಮುಗಿಯಿತು. ನನ್ನ ಪ್ರೊಸೆಸರ್ ರೈಜನ್ 5 5600ಜಿ, 65 ವಾಟಿನದು, ಅದನ್ನು ತಣಿಸಲು ಜೊತೆಗೆ ಬಂದ ಗಿಡ್ಡ ಕೂಲರೇ ಇದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇದ್ದವರು ಕಾರ್ಡಿನ ಉದ್ದ, ಕೂಲರಿನ ಎತ್ತರ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಗೋಪುರದಂಥ ಕೂಲರುಗಳು 155ರಿಂದ 160 ಮಿಲಿಮೀಟರ್ ಎತ್ತರ ಇರುತ್ತವೆ, ಬಾಗಿಲು ಮುಚ್ಚದೇ ಹೋದೀತು. ಎರಡೂವರೆ ಸಾವಿರಕ್ಕೆ ಕೊಟ್ಟ. ಜೊತೆಗೆ ಎರಡು 120 ಮಿಲಿಮೀಟರ್ ಫ್ಯಾನ್ ಬೇರೆ ತೆಗೆದುಕೊಂಡೆ. ಫೋಟೊ ನೋಡಿದ ಮಗಳ ಉತ್ತರ ಒಂದೇ ಸಾಲು: "ಅಮ್ಮ, ಇದು ಅಕ್ಕಿ ಡಬ್ಬಿ." ತಮ್ಮ ಮಾತ್ರ ಬಾಗಿಲನ್ನು ಇನ್ನೊಮ್ಮೆ ಬಡಿದು, "ಇದು ಅಡ್ಡಿಲ್ಲೆ" ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಜೋಡಿಸಿದ್ದು ಕಾರವಾರದಲ್ಲಿ, ನಾನೊಬ್ಬಳೇ, ಒಂದು ಭಾನುವಾರ. ಬೋರ್ಡಿನ ಅಡಿಗೆ ಬರುವ ಹಿತ್ತಾಳೆ ಗುಬುಟುಗಳನ್ನು ಮೊದಲು ತಿರುಪಿದೆ. ಬೋರ್ಡಿನ ತೂತು ಎಲ್ಲೆಲ್ಲಿದೆಯೋ ಅಲ್ಲಿ ಮಾತ್ರ ಗುಬುಟಿರಬೇಕು. ತೂತಿಲ್ಲದ ಕಡೆ ಒಂದು ಉಳಿದರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಎಣಿಸಿ ಹಾಕಿ, ಬೋರ್ಡು ಇಟ್ಟು, ಎತ್ತಿ, ಮತ್ತೆ ಎಣಿಸಿದೆ. ಅಕ್ಕಿ ಅಳೆಯುವಾಗ ಲೆಕ್ಕ ತಪ್ಪಿದವರ ಹಾಗೆ ಮೂರು ಸಲ.

ಸ್ಕ್ರೂಗಳದ್ದೇ ಒಂದು ಪಜೀತಿ. ಕ್ಯಾಬಿನೆಟ್ ಜೊತೆ ಬಂದ ಪೊಟ್ಟಣದಲ್ಲಿ ಎರಡು ಜಾತಿ: ಒತ್ತು ಸುತ್ತಿನ ಎಂ3, ಬಿಡು ಸುತ್ತಿನ 6-32. ಎಸ್‌ಎಸ್‌ಡಿ (ಚಿಪ್ಪಿನ ಸಣ್ಣ ಡಿಸ್ಕ್), ಡಿವಿಡಿಗೆ ಮೊದಲನೆಯದು. ಎಸ್‌ಎಂಪಿಎಸ್, ದೊಡ್ಡ ಹಾರ್ಡ್ ಡಿಸ್ಕ್, ಬಾಗಿಲುಗಳಿಗೆ ಎರಡನೆಯದು. ನೋಡಲು ಅಕ್ಕತಂಗಿ. ಒಂದರ ತೂತಿಗೆ ಇನ್ನೊಂದನ್ನು ಬಲವಂತ ಮಾಡಿ ತಿರುಪಿದರೆ ಸುತ್ತು ಸವೆದು ತೂತೇ ಹಾಳು. ನಾನು ಎರಡು ಬೇರೆ ಬೇರೆ ಕುಂಕುಮದ ಬಟ್ಟಲಲ್ಲಿ ಹಾಕಿಟ್ಟುಕೊಂಡೆ. ಸ್ಟೇನ್‌ಲೆಸ್ ಸ್ಟೀಲಿನವು ಸಿಕ್ಕಿದರೆ ಒಳ್ಳೆಯದೆಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಎಂ3 ಸಿಕ್ಕಿತು. 6-32 ಇಂಚಿನ ಲೆಕ್ಕದ್ದು, ಮಿಲಿಮೀಟರ್ ಸ್ಕ್ರೂ ಮಾರುವವನ ಬಳಿ ಎಲ್ಲಿ ಸಿಗಬೇಕು?

ಮುಂದಿನ ಯುಎಸ್‌ಬಿ 3ರ ದಪ್ಪ ಕನೆಕ್ಟರ್ ಚುಚ್ಚುವಾಗ ಅವಸರ ಮಾಡಿದೆ. ಹತ್ತೊಂಬತ್ತು ಪಿನ್ನಿನದು, ಬಿಗಿ ಜಾಸ್ತಿ. ಓರೆಯಾಗಿ ಒತ್ತಿದ್ದಕ್ಕೆ ಬೋರ್ಡಿನ ಒಂದು ಪಿನ್ ಮಲಗಿತು. ಬೆವರಿಳಿಯಿತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಹೊಲಿಗೆ ಸೂಜಿಯ ಮೊನೆಯನ್ನು ಪಿನ್ನಿನ ಅಡಿಗೆ ತೂರಿಸಿ, ಉಸಿರು ಬಿಗಿಹಿಡಿದು ಮೇಲೆತ್ತಿದೆ. ನೆಟ್ಟಗಾಯಿತು. ಎರಡನೇ ಸಲ ಬಾಗಿದ್ದರೆ ಮುರಿದೇ ಹೋಗುತ್ತಿತ್ತು.

ತಗಡು ಕತ್ತರಿಸಿದ ಕಡೆಗಳಲ್ಲಿ, ಅಂದರೆ ಹಿಂದಿನ ಕಿಂಡಿಗಳ ಅಂಚು, ಫ್ಯಾನ್ ಜಾಲರಿಯ ಬಾಯಿ, ಇಲ್ಲೆಲ್ಲ ಬಣ್ಣವೂ ಇಲ್ಲ, ಸತುವೂ ಇಲ್ಲ. ಜಂಗು ಶುರುವಾಗುವುದೇ ಅಲ್ಲಿಂದ. ಬೋರ್ಡು ಕೂರಿಸುವ ಹಿಂದಿನ ದಿನವೇ ಅಲ್ಲಿಗೆಲ್ಲ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೈ ಹಚ್ಚಿ ಒಣಗಿಸಿದ್ದೆ. ಸ್ಕ್ರೂ ತೂತಿನೊಳಗೆ ಹಚ್ಚಬಾರದು. ಕ್ಯಾಬಿನೆಟ್ಟಿಗೆ ಅರ್ಥ್ ಸಿಗುವುದು ಆ ಲೋಹಕ್ಕೆ ಲೋಹ ಮುಟ್ಟುವುದರಿಂದ. ಇವರು ಕೊಬ್ಬರಿ ಎಣ್ಣೆ ಸವರಲು ಹೇಳಿದ್ದರು. ಎಣ್ಣೆಗೆ ಧೂಳು, ಧೂಳಿಗೆ ಉಪ್ಪು. ಬೇಡವೆಂದೆ.

ಆಮೇಲೆ ಊದುಬತ್ತಿ. ದೇವರಿಗಲ್ಲ. ಮೊದಲು ಹಿಂದಿನ ಫ್ಯಾನ್ ಒಂದನ್ನೇ ಓಡಿಸಿ, ಊದುಬತ್ತಿ ಹಿಡಿದು ಡಬ್ಬಿಯ ಸುತ್ತ ಪ್ರದಕ್ಷಿಣೆ ಬಂದೆ. ಹೊಗೆ ಕಾರ್ಡ್ ಪಟ್ಟಿಗಳ ಸಂದಿಯಲ್ಲಿ, ಡಿವಿಡಿಯ ಪಕ್ಕದಲ್ಲಿ, ಬಾಗಿಲ ಸೀಳಿನಲ್ಲಿ ಎಲ್ಲೆಂದರಲ್ಲಿ ಒಳಕ್ಕೆ ಹೋಯಿತು. ಹೊರಗೆ ಎಳೆಯುವ ಫ್ಯಾನ್ ಮಾತ್ರ ಇದ್ದರೆ ಗಾಳಿ ಸಿಕ್ಕ ಸಿಕ್ಕ ಕಿಂಡಿಯಿಂದ ಧೂಳನ್ನೂ ಕರೆದುಕೊಂಡು ಬರುತ್ತದೆ. ಈಗ ಮುಂದಿನ ಎರಡು ಫ್ಯಾನ್ ಓಡಿಸಿದೆ. ಒಳಗೆ ತಳ್ಳುವುದು ಎರಡು, ಹೊರಗೆ ಎಳೆಯುವುದು ಒಂದು. ಅದೇ ಸಂದಿಗಳ ಬಳಿ ಊದುಬತ್ತಿ ಹಿಡಿದರೆ ಹೊಗೆ ಹೊರಕ್ಕೆ ಬಾಗಿತು. ಗಾಳಿ ಬರುವ ದಾರಿ ಈಗ ಮುಂದಿನದು ಒಂದೇ, ಅಲ್ಲಿ ಸಣ್ಣ ಕಣ್ಣಿನ ಜಾಲರಿ ಇದೆ, ಎಳೆದು ತೊಳೆದು ಒಣಗಿಸಿ ಹಾಕಬಹುದು. ಹಳೇ ಡಬ್ಬಿಯಲ್ಲಿ ದೊಡ್ಡ ಪುಸ್ತಕದ ಪಿಡಿಎಫ್ ಮಾಡುವಾಗ 82 ಡಿಗ್ರಿಗೆ ಏರುತ್ತಿದ್ದ ಪ್ರೊಸೆಸರ್ ಇಲ್ಲಿ 68ರಲ್ಲೇ ನಿಂತಿತು.

ಇಡುವ ಜಾಗ ಕಿಟಕಿಯಿಂದ ಒಳಗೋಡೆಗೆ ಹೋಯಿತು. ಎಸ್‌ಎಂಪಿಎಸ್ ತಳದಿಂದ ಗಾಳಿ ಎಳೆಯುವುದರಿಂದ ನೆಲಕ್ಕೆ ಇಡುವ ಹಾಗಿಲ್ಲ, ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ. ತವರಿನಿಂದ ಬಂದ ಹಲಸಿನ ಮಣೆ ಇತ್ತು, ಅದರ ಮೇಲೆ ಕೂರಿಸಿದೆ. ದೀಪಾವಳಿಗೆ ಬಂದ ಆಯಿ ನೋಡಿ, "ಅಳಿಯಂಗೆ ಹಾಕ ಮಣೆ ಇದಕ್ಕೆ ಕೊಟ್ಯನೇ ತಂಗಿ?" ಅಂತ ಕೇಳಿದಳು. ಅಳಿಯ ಡೈನಿಂಗ್ ಟೇಬಲ್ಲಿನಲ್ಲಿ ಊಟ ಮಾಡುತ್ತಾರೆ ಎಂದೆ.

ಒಂದು ಸಂಗತಿ ಮರೆತಿದ್ದೆ. ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದಾಗ ಬೆರಳಿಗೆ ಇರುವೆ ಹರಿದಂಥ ಜುಮುಜುಮು. ಹಳೇ ಡಬ್ಬಿಯಲ್ಲೂ ಇತ್ತು, ಅದಕ್ಕೆ ಒಗ್ಗಿಹೋಗಿದ್ದೆವು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಚೂರು ಕರೆಂಟು ಯಾವಾಗಲೂ ಮೈ ತಗಡಿಗೆ ಜಿನುಗುತ್ತದೆ. ಅದು ಅರ್ಥ್ ವಯರಿನ ಮೂಲಕ ಮಣ್ಣಿಗೆ ಹೋಗಬೇಕು. ನಮ್ಮ ಸಾಕೆಟ್ಟಿನ ಮೂರನೇ ತೂತಿಗೆ ವಯರೇ ಕೊಟ್ಟಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ ಅರ್ಥಿಂಗ್ ಮಾಡಿದ. ಹತ್ತು ಕೇಜಿ ಕಲ್ಲುಪ್ಪು ನಾನೇ ದುಡ್ಡು ಕೊಟ್ಟು ತರಿಸಿದೆ. ಒಳಗೆ ಉಪ್ಪಿನಿಂದ ಕಾಪಾಡಲು ಅಷ್ಟೆಲ್ಲ ಮಾಡಿ, ಹೊರಗೆ ಉಪ್ಪಿಗೇ ಶರಣು. ಜುಮುಜುಮು ನಿಂತಿತು.

ಹಳೇ ಡಬ್ಬಿ ಗುಜರಿಯವನಿಗೆ ಹೋಯಿತು. ಒಂದೇ ಬೆರಳಲ್ಲಿ ಎತ್ತಿ, "ಇದರಲ್ಲಿ ಕಬ್ಬಿಣ ಎಲ್ಲಿದೆ ಅಕ್ಕಾ?" ಅಂದ. ಅರವತ್ತು ರೂಪಾಯಿ ಕೊಟ್ಟ.

2025ರ ಮಳೆಗಾಲ ಪೂರ್ತಿ ಕಳೆದ ಮೇಲೆ, ಅಕ್ಟೋಬರಿನಲ್ಲಿ ಬಾಗಿಲು ತೆಗೆದು ನೋಡಿದೆ. ಮುಂದಿನ ಜಾಲರಿ ಬೂದಿ ಬಣ್ಣದ ಕಂಬಳಿಯಾಗಿತ್ತು, ಒಳಗೆ ಬೋರ್ಡಿನ ಮೇಲೆ ಬೆರಳಾಡಿಸಿದರೆ ತೆಳ್ಳಗೆ ಧೂಳು, ಒಣ ಧೂಳು. ತಳದ ಮೂಲೆಗಳು ಸರಿ ಇದ್ದವು. ಎಸ್‌ಎಂಪಿಎಸ್ ಕೂರಿಸುವ ಕಿಂಡಿಯ ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಕೆಂಪು. ಪಾಲಿಶ್ ಹಚ್ಚಲು ಮರೆತ ಜಾಗ ಅದೇ. ಮರಳು ಕಾಗದದಲ್ಲಿ ಉಜ್ಜಿ, ಹೊರಗೆ ಒಯ್ದು ಪುಡಿ ಕೊಡವಿ, ಪಾಲಿಶ್ ಹಚ್ಚಿದೆ. ಮಣೆಯ ಹಿಂದೆ ಹಲ್ಲಿ ಎರಡು ಮೊಟ್ಟೆ ಇಟ್ಟಿತ್ತು, ಡಬ್ಬಿಯ ಹೊರಗೆ.

ಮುಚ್ಚುವಾಗ ಬಾಗಿಲಿನ ಒಂದು ಸ್ಕ್ರೂ ಕೈಜಾರಿ ಕಪಾಟಿನ ಅಡಿಗೆ ಉರುಳಿತು. ಹಿಡಿಕಡ್ಡಿ ಹಾಕಿ ಗುಡಿಸಿ ಎಳೆದೆ. ಒಂದು ಗಾಜಿನ ಹರಳು ಬಂತು, ಮಗಳ ಕಿವಿಯೋಲೆಯ ತಿರುಪು ಬಂತು, ಹಳೇ ಡಬ್ಬಿಯ ತಲೆ ಹಾರಿದ ಸ್ಕ್ರೂವಿನ ತಲೆಯೂ ಬಂತು. ಹೊಸದು ಬರಲಿಲ್ಲ. ಸದ್ಯಕ್ಕೆ ಆ ಬಾಗಿಲು ಒಂದೇ ಸ್ಕ್ರೂವಿನಲ್ಲಿ ನಿಂತಿದೆ.